ನಡುಬಾಲ್ಯದಲ್ಲಿ ಮಕ್ಕಳ ಸ್ವಭಾವವು ಬೆಳೆಯುವ ಕ್ರಮ



ಕಪ್ಪತಗುಡ್ಡದ ಬುಡದಲ್ಲಿ ಡೋಣಿ ಎಂಬ ಗ್ರಾಮವುಂಟು. ಅದು ಗದಗ ಜಿಲ್ಲೆಯ ಮುಂಡರಗಿ ತಾಲೂಕಿಗೆ ಸೇರಿದ್ದು. ಆ ಸೀಮೆಯಲ್ಲಿ ಒಕ್ಕಲುತನ ಮಾಡುವವರನ್ನು, "ಬೆಳೆಯು ಕೆಡುವದು ಯಾವಾಗ?" ಎಂದು ಕೇಳಿದರೆ ಬಿತ್ತುವ ದಿನವನ್ನು ಹೇಳುವವರು ಕೆಲವರು, ಸುಗ್ಗಿಯ ದಿನವನ್ನು ಹೇಳುವವರು ಕೆಲವರು; ಆದರೆ ಅನುಭವಸ್ಥನಾದ ಮುದುಕನು, "ನಡುವೆ ಎಡೆ ಹೊಡೆಯುವದನ್ನು ಬಿಟ್ಟವನ ಬೆಳೆ ಕೆಟ್ಟಿತು" ಅನ್ನುವನು. ಬಿತ್ತುವಾಗ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ರಾಶಿ ಮಾಡುವಾಗಲೂ ಇರುತ್ತಾರೆ. ನಡುವಿನ ದಿವಸಗಳಲ್ಲಿ ಪೈರು ತನ್ನಷ್ಟಕ್ಕೆ ತಾನೇ ಬೆಳೆಯುವಂತೆ ಕಾಣುವದರಿಂದ ಅದರ ಕಡೆಗೆ ಲಕ್ಷ್ಯವು ಕಡಿಮೆಯಾಗುವದು. ಆಗಲೇ ಕಸವು ಬೇರೂರುವದು.

ಮಕ್ಕಳನ್ನು ಬೆಳಿಸುವದರಲ್ಲಿಯೂ ನಾವು ಇದೇ ತಪ್ಪನ್ನು ಮಾಡುತ್ತೇವೆ. ಕೂಸು ಹುಟ್ಟಿದ ಮೇಲೆ ನಾಲ್ಕೈದು ವರುಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಹದಿನಾಲ್ಕು ಹದಿನೈದು ವರುಷದ ಹುಡುಗನು ಎದುರುತ್ತರ ಕೊಡತೊಡಗಿದಾಗ ಪುನಃ ಎಚ್ಚರಗೊಂಡು, "ಇವನಿಗೆ ಈ ಗುಣ ಎಲ್ಲಿಂದ ಬಂತು?" ಎಂದು ವ್ಯಸನಪಡುತ್ತೇವೆ. ನಡುವೆ ಆರರಿಂದ ಹನ್ನೆರಡರ ವರೆಗಿನ ವರುಷಗಳಲ್ಲಾದರೋ, "ಉಣ್ಣುತ್ತಾನೆ, ಸಾಲೆಗೆ ಹೋಗುತ್ತಾನೆ, ಆಡುತ್ತಾನೆ, ಇನ್ನೇನು ಬೇಕು?" ಎಂದು ಸುಮ್ಮನಿರುತ್ತೇವೆ. ಈ ಪಾಠದಲ್ಲಿ ಆ ನಡುಗಾಲದ ವಿಷಯವಾಗಿ ಆಲೋಚಿಸೋಣ. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ಅದೇನಂದರೆ, ಈ ವರುಷಗಳಲ್ಲಿ ಮಗುವು "ನನ್ನಿಂದ ಆಗುವದೋ, ಆಗದೋ?" ಎಂಬ ಪ್ರಶ್ನೆಯನ್ನು ತನ್ನೊಳಗೆ ಕೇಳಿಕೊಳ್ಳುತ್ತದೆ, ಅದಕ್ಕೆ ಉತ್ತರವು ಅದು ಮಾಡಿ ಮುಗಿಸುವ ಕೆಲಸದಿಂದಲೂ ನಾವು ಆಡುವ ಮಾತಿನಿಂದಲೂ ದೊರೆಯುತ್ತದೆ.

1. ಈ ಕಾಲದಲ್ಲಿ ಮಗುವಿನಲ್ಲಿ ಆಗುವ ಬದಲಾವಣೆಗಳು

ಆರನೆಯ ವರುಷದ ಸುಮಾರಿಗೆ ಹಾಲುಹಲ್ಲು ಅಲುಗಾಡತೊಡಗುವದು. ಬಾಯಿಯ ಹಿಂಬದಿಯಲ್ಲಿ ಮೊದಲನೆಯ ಸ್ಥಿರವಾದ ದವಡೆಹಲ್ಲು ಮೂಡುವದು. ಇದನ್ನು ತಾಯಂದಿರೆಲ್ಲರೂ ಬಲ್ಲರು. ಕಣ್ಣಿಗೆ ಕಾಣದ ಬದಲಾವಣೆ ಇನ್ನೊಂದುಂಟು. ಆ ವಯಸ್ಸಿಗೆ ಮಗುವಿನ ಮೆದುಳು ಗಾತ್ರದಲ್ಲಿ ದೊಡ್ಡವರ ಮೆದುಳಿನ ನೂರಕ್ಕೆ ಸುಮಾರು 90 ಪಾಲಿನಷ್ಟು ಬೆಳೆದಿರುವದು. ಆದರೆ ಅದರ ಒಳಗಣ ಕೂಡಿಕೆಗಳು ಮುಂದೆಯೂ ಅನೇಕ ವರುಷ, ಇಪ್ಪತ್ತು ದಾಟುವ ತನಕ, ಬಲಗೊಳ್ಳುತ್ತ ಬರುವವು. ಆದಕಾರಣ ಎಂಟು ವರುಷದ ಮಗುವು ದೊಡ್ಡವರಂತೆ ಮಾತಾಡಿದರೂ ದೊಡ್ಡವರಂತೆ ತನ್ನ ಸಿಟ್ಟನ್ನು ತಡೆಯಲಾರದು, ನಾಳೆಯದನ್ನು ಯೋಚಿಸಲಾರದು. ಹೀಗೆ ತಡೆಯಲಾರದ್ದನ್ನು ಹಟವೆಂದು ತಿಳಿದು ಅದನ್ನು ಶಿಕ್ಷಿಸುವದು ಯುಕ್ತವಲ್ಲ.

ಬುದ್ಧಿಯಲ್ಲಿ ಆಗುವ ಬದಲಾವಣೆಯನ್ನು ವಾಚಕರು ತಮ್ಮ ಮನೆಯಲ್ಲಿಯೇ ನೋಡಬಹುದು. ಸ್ವಿಟ್ಜರ್ಲೆಂಡ್ ದೇಶದ ಜಾನ್ ಪಿಯಾಜೆ (1896–1980) ಎಂಬ ಪಂಡಿತರು ಮಕ್ಕಳ ಬುದ್ಧಿಯನ್ನು ಬಹುಕಾಲ ಪರಿಶೋಧಿಸಿದವರು. ಅವರು ತೋರಿಸಿಕೊಟ್ಟ ಪರೀಕ್ಷೆ ಹೀಗಿದೆ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿರಿ. ಮಗುವು "ಎರಡೂ ಸಮ" ಎಂದು ಒಪ್ಪಿದ ಮೇಲೆ ಅದರ ಕಣ್ಣ ಮುಂದೆಯೇ ಒಂದು ಲೋಟದ ನೀರನ್ನು ಎತ್ತರವಾದ ಸಪೂರ ಪಾತ್ರೆಗೆ ಸುರಿಯಿರಿ. ಈಗ ಯಾವದರಲ್ಲಿ ನೀರು ಹೆಚ್ಚೆಂದು ಕೇಳಿರಿ. ನಾಲ್ಕೈದು ವರುಷದ ಮಗುವು ಸಾಮಾನ್ಯವಾಗಿ ಎತ್ತರದ ಪಾತ್ರೆಯನ್ನು ತೋರಿಸುವದು. ಏಳೆಂಟು ವರುಷದ ಮಗುವು, "ಹೊಸದಾಗಿ ಹಾಕಲೂ ಇಲ್ಲ, ತೆಗೆಯಲೂ ಇಲ್ಲ, ಅಷ್ಟೇ ನೀರು" ಎಂದು ಹೇಳುವದು. ಈ ತಿಳುವಳಿಕೆ ಒಂದು ಮಗುವಿಗೆ ಸ್ವಲ್ಪ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಬರಬಹುದು. ಮುಖ್ಯವಾದದ್ದು ಇದು: ಮಗುವು ಈಗ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟು ತೂಗಿ ನೋಡಬಲ್ಲದು.

ಪಾತ್ರೆಗೆ ಪಾತ್ರೆಯನ್ನು ಹೋಲಿಸಬಲ್ಲ ಬುದ್ಧಿಯು ತನ್ನನ್ನು ಜೊತೆಯವರೊಂದಿಗೆ ಹೋಲಿಸುವದಕ್ಕೂ ತೊಡಗುತ್ತದೆ. ನಾಲ್ಕು ವರುಷದ ಮಕ್ಕಳ ಗುಂಪಿನಲ್ಲಿ, "ನಿಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವರು ಯಾರು?" ಎಂದು ಕೇಳಿರಿ, ಬಹಳ ಮಕ್ಕಳು "ನಾನು! ನಾನು!" ಎಂದು ಕೂಗುವರು. ಎಂಟು ವರುಷದ ಮಕ್ಕಳನ್ನು ಕೇಳಿದರೆ ಅವರು ಒಬ್ಬನ ಕಡೆಗೆ ಬೆರಳು ತೋರಿಸುವರು. ಉಳಿದವರಲ್ಲಿ ತಮ್ಮ ತಮ್ಮ ಸ್ಥಾನವನ್ನೂ ಅವರು ಬಲ್ಲರು. ಯಾರೂ ಹೇಳಿಕೊಡದಿದ್ದರೂ ಮಗುವು ಈಗ ತನ್ನ ವಿಷಯವಾಗಿ ತೀರ್ಪು ಮಾಡಿಕೊಳ್ಳತೊಡಗಿದೆ. ಈ ತೀರ್ಪು ಮೆತ್ತಗಿರುವ ವರುಷಗಳೇ ನಡುಬಾಲ್ಯದ ವರುಷಗಳು.

2. "ನನ್ನಿಂದ ಆಗುವದೋ?" ಎಂಬ ಪ್ರಶ್ನೆ

ಜರ್ಮನಿಯಲ್ಲಿ ಹುಟ್ಟಿ ಅಮೇರಿಕದಲ್ಲಿ ಬಾಳಿದ ಎರಿಕ್ ಎರಿಕ್ಸನ್ (1902–1994) ಎಂಬವರು 1950ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ಮನುಷ್ಯನ ಜೀವಮಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದರು. ಅವುಗಳಲ್ಲಿ ನಾಲ್ಕನೆಯದು ಸಾಲೆಗೆ ಹೋಗುವ ವಯಸ್ಸು. ಈ ಮೆಟ್ಟಿಲಿನಲ್ಲಿ ಎರಡು ಭಾವನೆಗಳು ಮಗುವಿನೊಳಗೆ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಒಂದು, ಕೆಲಸದಲ್ಲಿ ಆಸಕ್ತಿಯಿಂದ ತೊಡಗಿ ಅದನ್ನು ಮುಗಿಸುವೆನೆಂಬ ಉತ್ಸಾಹ. ಇನ್ನೊಂದು, ತಾನು ಇತರರಿಗಿಂತ ಕೀಳೆಂಬ ಭಾವನೆ. ಯಾವ ದೇಶದಲ್ಲಾಗಲಿ ಯಾವ ಜನರಲ್ಲಾಗಲಿ ಈ ವಯಸ್ಸಿನ ಮಕ್ಕಳಿಗೆ ದೊಡ್ಡವರು ಏನಾದರೂ ಒಂದು ವಿದ್ಯೆಯನ್ನೋ ಕೆಲಸವನ್ನೋ ಕ್ರಮವಾಗಿ ಕಲಿಸುತ್ತಾರೆಂಬದನ್ನೂ ಅವರು ಎತ್ತಿ ತೋರಿಸಿದರು.

ಈ ಮಾತು ನಮಗೆ ಹೊಸದಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವದು ಮಕ್ಕಳ ಕೈಗೆ ಮೊದಲು ಬರುವ ಕೆಲಸ. ಕುರಿ ಕಾಯುವವರ ಮಗನು ಗುಡ್ಡದ ದಾರಿಗಳನ್ನು ಅಪ್ಪನ ಹಿಂದೆ ನಡೆದೇ ಕಲಿಯುತ್ತಾನೆ. ಒಂಬತ್ತು ಹತ್ತು ವರುಷದ ಹುಡುಗಿಯು ಮೊದಲನೆಯ ಸಾರಿ ರೊಟ್ಟಿ ಬಡಿದಾಗ ಅದು ಅಂಕುಡೊಂಕಾಗಿ ಬರುವದು, ಒಂದು ಕಡೆ ಹರಿಯುವದು. ಬುದ್ಧಿವಂತೆಯಾದ ಅಜ್ಜಿಯು ಅದನ್ನು ನಾಯಿಗೆ ಹಾಕುವದಿಲ್ಲ. "ಇದು ನನ್ನ ತಾಟಿಗಿರಲಿ" ಎಂದು ಬಡಿಸಿಕೊಂಡು, ಪಲ್ಯದೊಂದಿಗೆ ತಿಂದು, "ನಾಳೆ ಹಿಟ್ಟನ್ನು ಇನ್ನಷ್ಟು ನಾದು, ಅಂಚು ಒಡೆಯುವದಿಲ್ಲ" ಅನ್ನುವಳು. ಆ ಹುಡುಗಿಗೆ ಆ ದಿನ ಮೂರು ಸಂಗತಿಗಳು ದೊರೆತವು: ಮಾಡಿ ಮುಗಿಸಿದ ಒಂದು ಕೆಲಸ, ಅದು ಮನೆಗೆ ಉಪಯೋಗಕ್ಕೆ ಬಂತೆಂಬ ಸಂತೋಷ, ನಾಳೆ ಅದನ್ನು ತಿದ್ದುವ ದಾರಿ. ಗ್ರಂಥಗಳನ್ನು ಓದದ ಆ ಅಜ್ಜಿಯು ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಟ್ಟಳು.

ಆದರೂ ಮಗುವಿನ ಸ್ವಭಾವವೆಲ್ಲ ನಮ್ಮ ಕೈಯಿಂದಲೇ ಆಗುವದೆಂದು ಯಾರೂ ತಿಳಿಯಬಾರದು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನು ಹುಟ್ಟಿನಿಂದಲೇ ಚುರುಕು, ಇನ್ನೊಬ್ಬನು ನಾಚಿಕೆಯವನು. ಇವು ಪಾಪವೂ ಅಲ್ಲ, ಪುಣ್ಯವೂ ಅಲ್ಲ. ನಾಚಿಕೆಯ ಮಗುವನ್ನು ಜುಲುಮೆಯಿಂದ ಜನರ ಮುಂದೆ ನಿಲ್ಲಿಸಿದರೆ ಅದು ಧೈರ್ಯವುಳ್ಳದ್ದಾಗದು. ಸ್ವಲ್ಪ ಸ್ವಲ್ಪವಾಗಿ, ಪರಿಚಿತರ ನಡುವೆ ಅಭ್ಯಾಸಮಾಡಿಸಿದರೆ ಅದಕ್ಕೂ ದಾರಿಯಾಗುವದು. ಮಣ್ಣನ್ನು ನೋಡಿ ಬೀಜ ಹಾಕುವಂತೆ ಮಗುವನ್ನು ನೋಡಿ ಕೆಲಸ ಕೊಡತಕ್ಕದ್ದು.

3. ನಮ್ಮದೇ ಒಂದು ತಪ್ಪು

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳುವದು ನ್ಯಾಯ. ಮೂರು ವರುಷಗಳ ಹಿಂದೆ ಈ ಗುಡ್ಡದ ಮಗ್ಗುಲಿನ ಒಂದು ಊರಲ್ಲಿ ಸಾಯಂಕಾಲದ ಕೂಟ ನಡೆಯಿತು. ತಂದೆತಾಯಿಗಳು ದುಡಿಯಲಿಕ್ಕೆ ದೂರ ಹೋಗಿದ್ದರಿಂದ ಅಜ್ಜಿಯ ಬಳಿಯಲ್ಲಿದ್ದ ಇಬ್ಬರು ಅಣ್ಣತಮ್ಮಂದಿರು ಅಲ್ಲಿಗೆ ಬಂದಿದ್ದರು. ಅಣ್ಣನಿಗೆ ಹತ್ತು ವರುಷ, ತಮ್ಮನಿಗೆ ಎಂಟು. ಅಣ್ಣನ ಕೈಗೆ ಪುಸ್ತಕ ಕೊಟ್ಟು ಓದೆಂದೆವು. ಅವನು ಮೂರನೆಯ ಸಾಲಿನಲ್ಲಿ ತೊಡರಿದನು, ಒತ್ತಕ್ಷರವಿದ್ದಲ್ಲೆಲ್ಲ ನಿಂತನು. ನಾವು ತಾಳ್ಮೆಗೆಟ್ಟು ಪುಸ್ತಕವನ್ನು ತಮ್ಮನಿಗೆ ಕೊಟ್ಟೆವು. ಅವನು ಸರಾಗವಾಗಿ ಓದಿದನು. ಆಗ ಎಲ್ಲರ ಮುಂದೆ, "ನೋಡು, ಚಿಕ್ಕವನೇ ನಿನಗಿಂತ ಲೇಸು" ಅಂದೆವು. ಜನರು ನಕ್ಕರು. ನಾವೂ ನಕ್ಕೆವು.

ಎರಡು ತಿಂಗಳಾದ ಮೇಲೆ ಅವರ ಅಜ್ಜಿಯು ದಾರಿಯಲ್ಲಿ ಭೇಟಿಯಾಗಿ, "ಅಯ್ಯನವರೇ, ಅಂದಿನಿಂದ ಹುಡುಗ ಪುಸ್ತಕ ಮುಟ್ಟಿಲ್ಲರೀ. ಸಾಲೆಗೆ ಹೋಗೆಂದರೆ ಆಡು ಹೊಡಕೊಂಡು ಗುಡ್ಡಕ್ಕೆ ಹೋಗತಾನ" ಅಂದಳು. ಆ ಮಾತು ನಮ್ಮ ಎದೆಗೆ ನಾಟಿತು. ನಾವು ಅದೇ ಸಂಜೆ ಅವರ ಮನೆಗೆ ಹೋಗಿ ಅಜ್ಜಿಯ ಎದುರಿನಲ್ಲಿಯೇ, "ಅಂದು ನಾವು ಹಾಗೆ ಅಂದದ್ದು ತಪ್ಪು" ಎಂದು ಹುಡುಗನಿಗೆ ಹೇಳಿದೆವು. ಅವನು ಏನೂ ಅನ್ನಲಿಲ್ಲ. ಅಷ್ಟರಲ್ಲಿ ಆಡುಗಳು ದೊಡ್ಡಿಗೆ ಬಂದವು. ಅವನು ಬಾಗಿಲಲ್ಲಿ ನಿಂತು ಒಂದೊಂದನ್ನೇ ಒಳಗೆ ಬಿಡುತ್ತ, ಎಣಿಸದೆಯೇ, "ಕರಿಕಿವಿಯದು ಬಂದಿಲ್ಲ" ಅಂದನು. ಇಪ್ಪತ್ತೆಂಟು ಆಡುಗಳಲ್ಲಿ ಯಾವದು ಯಾವದರ ಮರಿ, ಯಾವದು ಯಾವ ತಿಂಗಳಲ್ಲಿ ಹುಟ್ಟಿತು, ಯಾವದು ಎಷ್ಟು ಹಾಲು ಕೊಡುವದು ಎಂಬದೆಲ್ಲವನ್ನೂ ಅವನು ಬಲ್ಲನು. ನಮಗೆ ಒಂದೂ ತಿಳಿಯಲಿಲ್ಲ. "ಇದನ್ನು ನಮಗೆ ಕಲಿಸಿಕೊಡುವಿಯಾ?" ಎಂದು ಕೇಳಿದೆವು. ಆಗ ಮೊದಲನೆಯ ಸಾರಿ ಅವನು ಮುಖವೆತ್ತಿ ನೋಡಿದನು.

ಮುಂದಿನ ವಾರಗಳಲ್ಲಿ ಆಡುಗಳ ಹೆಸರುಗಳನ್ನು ಒಂದು ನೋಟಬುಕ್ಕಿನಲ್ಲಿ ಬರೆಯುವ ಕೆಲಸವು ಅವನದಾಯಿತು. "ಕರಿಕಿವಿ," "ಮುಕ್ಕೋಡಿ," "ಬೆಳ್ಳಿ" ಎಂಬ ಹೆಸರುಗಳಿಗೆ ಬೇಕಾದ ಒತ್ತಕ್ಷರಗಳನ್ನು ತಾನೇ ಕೇಳಿ ತಿಳುಕೊಂಡನು. ಸಾಲೆಯ ಮಾಸ್ತರರಿಗೂ ಆ ನೋಟಬುಕ್ಕನ್ನು ತೋರಿಸಿದೆವು. ಅವನು ಪುನಃ ಸಾಲೆಗೆ ಹೋಗತೊಡಗಿದನು. ಆದರೂ ಜನರ ಮುಂದೆ ಓದುವದಕ್ಕೆ ಅವನಿಗೆ ಏಳೆಂಟು ತಿಂಗಳು ಹಿಡಿಯಿತು. ಇಂದಿಗೂ ಗಟ್ಟಿಯಾಗಿ ಓದುವ ಮೊದಲು ಅವನು ಒಮ್ಮೆ ತಮ್ಮನ ಮುಖವನ್ನು ನೋಡುತ್ತಾನೆ. ನಾವು ಆಡಿದ್ದು ಒಂದೇ ಮಾತು. ಅದನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳುವದು ನಮ್ಮಿಂದ ಆಗಲಿಲ್ಲ.

4. ಹೊಗಳಿಕೆಯ ವಿಷಯ

"ಹಾಗಾದರೆ ಮಕ್ಕಳನ್ನು ಯಾವಾಗಲೂ ಹೊಗಳುತ್ತಿರಬೇಕೋ?" ಎಂದು ಯಾರಾದರೂ ಕೇಳಬಹುದು. ಹೊಗಳಿಕೆಯಲ್ಲಿಯೂ ಭೇದವುಂಟು. ಅಮೇರಿಕದಲ್ಲಿ ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಪಂಡಿತೆಯರು 1998ರಲ್ಲಿ ಕೆಲವು ಪರೀಕ್ಷೆಗಳ ವರದಿಯನ್ನು ಪ್ರಕಟಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಬಿಡಿಸಲು ಸುಲಭವಾದ ಕೆಲವು ಸಮಸ್ಯೆಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ, "ನೀನು ಬುದ್ಧಿವಂತನು" ಎಂದೂ ಕೆಲವರಿಗೆ, "ನೀನು ಚೆನ್ನಾಗಿ ಶ್ರಮಪಟ್ಟಿ" ಎಂದೂ ಹೇಳಿದರು. ಅನಂತರ ಎಲ್ಲರೂ ಸೋಲುವಂಥ ಕಠಿಣ ಸಮಸ್ಯೆಗಳನ್ನು ಕೊಟ್ಟರು. ಕಡೆಗೆ ಮೊದಲಿನಂತೆಯೇ ಸುಲಭವಾದವುಗಳನ್ನು ಕೊಟ್ಟಾಗ, ಬುದ್ಧಿವಂತರೆಂದು ಹೊಗಳಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಮೊದಲಿಗಿಂತ ಹೆಚ್ಚು ಬಿಡಿಸಿದರು. ಇದಲ್ಲದೆ ತಮಗೆ ಬಂದ ಮಾರ್ಕುಗಳನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಬುದ್ಧಿವಂತರೆಂದು ಹೊಗಳಿಸಿಕೊಂಡವರಲ್ಲಿಯೇ ಹೆಚ್ಚಾಗಿದ್ದರು.

ಇದಕ್ಕೆ ಕಾರಣವನ್ನು ತಿಳಿಯುವದು ಕಷ್ಟವಲ್ಲ. "ನೀನು ಬುದ್ಧಿವಂತ" ಎಂಬ ಮಾತನ್ನು ಕೇಳಿದ ಮಗುವು ಸೋತಾಗ, "ಹಾಗಾದರೆ ನಾನು ಬುದ್ಧಿವಂತನಲ್ಲ" ಎಂದು ತಿಳಿಯುತ್ತದೆ. ಆ ನಾಚಿಕೆಯನ್ನು ಮರೆಮಾಡಲು ಸುಳ್ಳಿಗೂ ಹಿಂಜರಿಯದು. "ನೀನು ಶ್ರಮಪಟ್ಟಿ" ಎಂಬ ಮಾತನ್ನು ಕೇಳಿದ ಮಗುವು ಸೋತಾಗ, "ಇನ್ನಷ್ಟು ಶ್ರಮಪಡಬೇಕು" ಎಂದು ತಿಳಿಯುತ್ತದೆ. ಮುಂದೆ ಈ ವಿಷಯವಾಗಿ ನಡೆದ ಬೇರೆ ಶೋಧನೆಗಳಲ್ಲಿ ಭೇದವು ಎಲ್ಲ ಕಡೆಯೂ ಇಷ್ಟು ದೊಡ್ಡದಾಗಿ ಕಾಣಲಿಲ್ಲವೆಂಬದೂ ಸತ್ಯ. ಬರೀ ಮಾತಿನಿಂದ ಮಗು ಬದಲಾಗದು. ಆದರೆ "ಜಾಣ" ಎಂಬ ಬಿರುದಾಗಲಿ "ದಡ್ಡ" ಎಂಬ ಬಿರುದಾಗಲಿ ಮಗುವಿನ ಮೇಲೆ ಹೊರಿಸಿದ ಹೊರೆಯೇ ಎಂಬದನ್ನು ನೆನಪಿನಲ್ಲಿಡತಕ್ಕದ್ದು. ಮಾಡಿದ ಕೆಲಸವನ್ನು ಹೆಸರಿಸಿ ಹೇಳುವ ಮಾತು ಇವೆರಡಕ್ಕಿಂತಲೂ ಉತ್ತಮ: "ಇಂದು ಲೆಕ್ಕವನ್ನು ಎರಡು ಸಾರಿ ತಿದ್ದಿದಿ, ಅದಕ್ಕೆ ಸರಿ ಬಂತು."

ಮಕ್ಕಳ ಪ್ರಶ್ನೆಗಳ ವಿಷಯದಲ್ಲಿಯೂ ಇದೇ ಮಾತು. ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಹನ್ನೆರಡು ವರುಷದ ಬಾಲಕನಾಗಿದ್ದ ಯೇಸುಸ್ವಾಮಿಯು ಬೋಧಕರನ್ನು ಪ್ರಶ್ನೆ ಕೇಳಿದ ಸಂಗತಿಯನ್ನು ವಾಚಕರು ಬಲ್ಲರು. ಆ ಹಿರಿಯರಲ್ಲಿ ಒಬ್ಬನಾದರೂ, "ಸಣ್ಣ ಬಾಯಲ್ಲಿ ದೊಡ್ಡ ಮಾತು ಬೇಡ" ಎಂದು ಗದರಿಸಿ ಎಬ್ಬಿಸಿದ್ದಾಗಿ ಅಲ್ಲಿ ಬರೆದಿಲ್ಲ. ನಮ್ಮ ಮನೆಗಳಲ್ಲಿ ಆ ಬಾಲಕನು ಎಷ್ಟು ಹೊತ್ತು ಕೂತಿರಬಹುದಿತ್ತು?

5. ಗದಗ ಸೀಮೆಯ ಇಬ್ಬರು ಬಾಲಕರು

ಈ ಸೀಮೆಯವರೇ ಆದ ಇಬ್ಬರ ದೃಷ್ಟಾಂತಗಳನ್ನು ನೋಡೋಣ. ಇಬ್ಬರೂ ಸಂಗೀತದಲ್ಲಿ ಹೆಸರಾದವರು. ಆದರೆ ಇಲ್ಲಿ ನಮಗೆ ಬೇಕಾದದ್ದು ಅವರ ಹೆಸರಲ್ಲ, ಬಾಲ್ಯ.

ಗದಗಿನಲ್ಲಿ ಗುರುರಾಜ ಜೋಶಿ ಎಂಬ ಸಾಲೆಯ ಮಾಸ್ತರರಿದ್ದರು. ಅವರ ಮಗನಾದ ಭೀಮಸೇನನು 1922ರಲ್ಲಿ ಹುಟ್ಟಿದನು. ಬೀದಿಯಲ್ಲಿ ಭಜನೆಯೋ ಮೆರವಣಿಗೆಯ ವಾದ್ಯವೋ ಕೇಳಿದರೆ ಸಾಕು, ಹುಡುಗನು ಅದರ ಹಿಂದೆ ಹೋಗಿ, ದಣಿದಲ್ಲಿಯೇ ಎಲ್ಲಾದರೂ ಮಲಗಿಬಿಡುವನು. ಹುಡುಕಿ ಹುಡುಕಿ ಬೇಸತ್ತ ತಂದೆಯು ಅವನ ಅಂಗಿಗಳ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆಯಿಸಿದರೆಂದೂ, ಅದನ್ನು ನೋಡಿದವರು ಹುಡುಗನನ್ನು ಮನೆಗೆ ತಂದು ಬಿಡುತ್ತಿದ್ದರೆಂದೂ ಹೇಳುತ್ತಾರೆ. ಕುರ್ತಕೋಟಿಯ ಚನ್ನಪ್ಪ ಎಂಬವರಿಂದ ಅವನಿಗೆ ಮೊದಲ ಸಂಗೀತಪಾಠವಾಯಿತು. ಅಬ್ದುಲ್ ಕರೀಮ್ ಖಾನರ ಹಾಡಿನ ಒಂದು ಪ್ಲೇಟನ್ನು ಕೇಳಿ ಮನಸೋತ ಆ ಹುಡುಗನು, 1933ರಲ್ಲಿ, ಹನ್ನೊಂದು ವರುಷದವನಾಗಿದ್ದಾಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದನು. ಗ್ವಾಲಿಯರ್, ದಿಲ್ಲಿ, ಕಲಕತ್ತೆ ಮೊದಲಾದ ಕಡೆಗಳಲ್ಲಿ ಅಲೆದನು. ತಂದೆಯು ಕಡೆಗೆ ಅವನನ್ನು ದೂರದ ಜಲಂಧರದಲ್ಲಿ ಕಂಡುಹಿಡಿದು ಮನೆಗೆ ಕರತಂದರು. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಕುಂದಗೋಳದಲ್ಲಿ ಅವನ ಅಭ್ಯಾಸವು ನಡೆಯಿತು. 2008ರಲ್ಲಿ ಅವರಿಗೆ ಭಾರತರತ್ನ ಬಿರುದು ಸಾರಲ್ಪಟ್ಟಿತು, 2011ರಲ್ಲಿ ತೀರಿಕೊಂಡರು.

ಈ ಕಥೆಯಿಂದ, ಮನೆ ಬಿಟ್ಟು ಓಡುವದು ಒಳ್ಳೇದೆಂದು ಯಾವ ಹುಡುಗನೂ ತಿಳಿಯಬಾರದು. ಹಾಗೆ ರೈಲು ಹತ್ತಿ ಹೋದ ಮಕ್ಕಳಲ್ಲಿ ಕೇಡಿಗೆ ಸಿಕ್ಕಿದವರು ಎಷ್ಟೋ ಮಂದಿ. ತಂದೆತಾಯಿಗಳು ಕಲಿಯತಕ್ಕ ಪಾಠ ಬೇರೆ. ಈ ವಯಸ್ಸಿನ ಮಗುವಿಗೆ ಒಂದು ಒಲವು ಹುಟ್ಟಿದರೆ ಅದು ಬಹಳ ಬಲವಾದದ್ದಾಗಿರಬಹುದು. ಅಂಗಿಯ ಮೇಲೆ ಬರೆಯಿಸಿದ ಮಾತಿನಿಂದ ಹುಡುಗನು ಮನೆಗೆ ಬಂದನು, ಆದರೆ ಅವನ ಒಲವು ನಿಲ್ಲಲಿಲ್ಲ. ತಕ್ಕ ಗುರುವು ದೊರೆತ ಮೇಲೆಯೇ ಆ ಅಲೆದಾಟವು ಅಭ್ಯಾಸವಾಗಿ ಮಾರ್ಪಟ್ಟಿತು.

ಇನ್ನೊಬ್ಬರು ಪುಟ್ಟರಾಜ ಗವಾಯಿಗಳು. ಅವರು 1914ರಲ್ಲಿ ಹಾವೇರಿಯ ಕಡೆಯ ದೇವಗಿರಿಯಲ್ಲಿ ಹುಟ್ಟಿದರು. ಕೂಸಾಗಿದ್ದಾಗಲೇ ಕಣ್ಣುಗಳನ್ನು ಕಳಕೊಂಡರು. ಅಂಥ ಮಗುವನ್ನು ಮೂಲೆಯಲ್ಲಿ ಕೂಡ್ರಿಸಿ, "ಪಾಪ" ಎಂದು ತುತ್ತು ಹಾಕುವದು ಲೋಕದ ರೂಢಿ. ಆದರೆ ಅವರು ಬಾಲ್ಯದಲ್ಲಿಯೇ ಪಂಚಾಕ್ಷರ ಗವಾಯಿಗಳ (1892–1944) ಕೈಗೆ ಸೇರಿದರು. ಪಂಚಾಕ್ಷರ ಗವಾಯಿಗಳು ತಾವೇ ಕುರುಡರು. ಶಿಷ್ಯನಿಗೆ ಕಾಣದೆಂಬದನ್ನು ಎಣಿಸದೆ, ಅವನಿಗೆ ಕೇಳುತ್ತದೆಂಬದನ್ನೂ ಬೆರಳುಗಳುಂಟೆಂಬದನ್ನೂ ಅವರು ಎಣಿಸಿದರು. ಹಾಡಿಕೆಯಲ್ಲಿಯೂ ಅನೇಕ ವಾದ್ಯಗಳಲ್ಲಿಯೂ ಪುಟ್ಟರಾಜರು ನಿಪುಣರಾದರು. ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡಿಸಿ, ಕುರುಡ ಮಕ್ಕಳೂ ಬಡಮಕ್ಕಳೂ ಸೇರಿ ಎಷ್ಟೋ ಮಂದಿಗೆ ವಿದ್ಯೆ ಕಲಿಸಿದರು, 2010ರಲ್ಲಿ ತೀರಿಕೊಂಡರು. ಮಗುವಿನಲ್ಲಿ ಇಲ್ಲದ್ದನ್ನು ಎಣಿಸುವವರು ಬಹಳ ಮಂದಿ. ಇರುವದನ್ನು ಹುಡುಕಿ ಅದಕ್ಕೆ ಕೆಲಸ ಕೊಡುವವನು ಒಬ್ಬನಿದ್ದರೆ ಮಗುವು ಉಳಿಯುತ್ತದೆ.

6. ಕಷ್ಟದ ಮನೆಗಳ ವಿಷಯ

"ನೀವು ಹೇಳುವದೆಲ್ಲ ಉಂಡು ಉಟ್ಟು ಸುಖವಾಗಿರುವವರಿಗೆ ಸರಿ. ಮಳೆ ಕೈಕೊಟ್ಟರೆ ನಾವು ಗುಳೇ ಹೋಗಬೇಕು. ಮಕ್ಕಳ ಸ್ವಭಾವ ನೋಡುತ್ತ ಕೂತರೆ ಹೊಟ್ಟೆಗೇನು?" ಎಂದು ಕೇಳುವ ತಂದೆತಾಯಿಗಳುಂಟು. ಅವರ ಮಾತು ನಿಜ. ಅಂಥವರು ಎದೆಗೆಡದಂತೆ ಒಂದು ಸಂಗತಿಯನ್ನು ತಿಳಿಸುತ್ತೇವೆ.

ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯ್ ಎಂಬದೊಂದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬವರೂ ಅವರ ಜೊತೆಗಾರರೂ ಹುಟ್ಟಿನಿಂದ ನಡುವಯಸ್ಸಿನ ತನಕ ಗಮನಿಸುತ್ತ ಬಂದರು. ಆ ಮಕ್ಕಳಲ್ಲಿ ಕೆಲವರ ಮನೆಗಳಲ್ಲಿ ಬಡತನ, ಜಗಳ, ಬೇನೆ ಮೊದಲಾದ ಅನೇಕ ಕಷ್ಟಗಳು ಒಟ್ಟುಗೂಡಿದ್ದವು. ಅಂಥ ಮಕ್ಕಳಲ್ಲಿಯೂ ಮೂರರಲ್ಲಿ ಒಂದು ಪಾಲಿನಷ್ಟು ಜನರು ಸಮರ್ಥರೂ ದಯೆಯುಳ್ಳವರೂ ಆಗಿ ಬೆಳೆದರು. ಅವರಲ್ಲಿ ಸಾಮಾನ್ಯವಾಗಿ ಕಂಡುಬಂದದ್ದೇನಂದರೆ, ಅಜ್ಜಿಯಾಗಲಿ ಅಕ್ಕನಾಗಲಿ ಮಾಸ್ತರರಾಗಲಿ, ತಪ್ಪದೆ ನೆಚ್ಚಬಹುದಾದ ಒಬ್ಬ ಹಿರಿಯರು ಅವರಿಗಿದ್ದರು. ಇದಲ್ಲದೆ ಚೆನ್ನಾಗಿ ಮಾಡಬಲ್ಲ ಒಂದು ಕೆಲಸವೂ, ಮನೆಯವರು ಅವರನ್ನು ನಂಬಿ ಒಪ್ಪಿಸಿದ ಒಂದು ಜವಾಬ್ದಾರಿಯೂ ಇದ್ದವು. ಇವು ಹಣ ಕೊಟ್ಟು ಕೊಳ್ಳುವಂಥವುಗಳಲ್ಲ. ಆದಕಾರಣ ಗುಳೇ ಹೋಗುವ ತಂದೆತಾಯಿಗಳು, "ಮಗುವಿಗೆ ಯಾರು ಅಡಿಗೆ ಮಾಡಿ ಹಾಕುವರು?" ಎಂದು ಗೊತ್ತುಮಾಡುವಂತೆಯೇ, "ಮಗುವು ತನ್ನ ದಿನದ ಮಾತನ್ನು ಯಾರಿಗೆ ಹೇಳಿಕೊಳ್ಳುವದು?" ಎಂಬದನ್ನೂ ಗೊತ್ತುಮಾಡಿ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆಯುಂಟು. ಮಗುವಿಗೆ ಕೆಲಸ ಕೊಡಿರೆಂದು ನಾವು ಹೇಳಿದ್ದನ್ನು, ಮಗುವನ್ನು ದುಡಿಮೆಗೆ ಹಚ್ಚಿರೆಂದು ಯಾರೂ ತಿರುಗಿಸಿಕೊಳ್ಳಬಾರದು. ಸಾಲೆಯಿಂದ ಬಂದು ಕೋಳಿಗಳನ್ನು ಎಣಿಸಿ ಗೂಡಿಗೆ ಸೇರಿಸುವದು ಕಲಿಸುವ ಕೆಲಸ. ಹತ್ತು ವರುಷದ ಹುಡುಗಿಯನ್ನು ಸಾಲೆ ಬಿಡಿಸಿ ತೊಟ್ಟಿಲ ಕೂಸನ್ನು ನೋಡಲಿಕ್ಕೆ ಕೂಡ್ರಿಸುವದೂ, ಹುಡುಗನನ್ನು ಸಾಲಕ್ಕಾಗಿ ಇನ್ನೊಬ್ಬರ ಮನೆಯಲ್ಲಿ ದುಡಿಯಲಿಕ್ಕಿಡುವದೂ ಮಗುವನ್ನು ನುಂಗುವ ಕೆಲಸ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಎಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರುಷದ ಪ್ರತಿಯೊಂದು ಮಗುವಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಕೊಟ್ಟಿದೆ. ಸಾಲೆಯಲ್ಲಿ ಮಕ್ಕಳನ್ನು ಹೊಡೆಯುವದನ್ನೂ ಮನಸ್ಸು ನೋಯಿಸಿ ಹಿಂಸಿಸುವದನ್ನೂ ಅದು ನಿಷೇಧಿಸಿದೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕರ ಕಾಯಿದೆಯಂತೆ 14 ವರುಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವದು ಅಪರಾಧ. ಸಾಲೆಯ ಹೊತ್ತು ಮುಗಿದ ಮೇಲೆಯೋ ಸೂಟಿಯಲ್ಲಿಯೋ ಸ್ವಂತ ಮನೆಯವರಿಗೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗುವದಕ್ಕೆ ಅಪ್ಪಣೆಯುಂಟು.

7. ನಾವು ಮಾಡತಕ್ಕದ್ದೇನು?

ಒಂದನೆಯದಾಗಿ, ಪ್ರತಿಯೊಂದು ಮಗುವಿಗೆ ಅದರ ವಯಸ್ಸಿಗೆ ತಕ್ಕ, ಒಂದು ಹೊತ್ತಿನಲ್ಲಿ ಮುಗಿಯುವ, ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ಒಪ್ಪಿಸಿರಿ. ಕೆಲಸವು ಹುಡುಗನಿಗೂ ಹುಡುಗಿಗೂ ಸಮನಾಗಿರಲಿ. ಅರ್ಧ ಮಾಡಿದಾಗ ನೀವೇ ಕಸಕೊಂಡು ಮುಗಿಸಬೇಡಿರಿ.

ಎರಡನೆಯದಾಗಿ, ಅಣ್ಣನನ್ನು ತಮ್ಮನೊಂದಿಗೂ ನಿಮ್ಮ ಮಗಳನ್ನು ನೆರೆಮನೆಯ ಮಗಳೊಂದಿಗೂ ಹೋಲಿಸಬೇಡಿರಿ. ಹೋಲಿಸಲೇಬೇಕಾದರೆ ಈ ತಿಂಗಳಿನ ಮಗುವನ್ನು ಕಳೆದ ತಿಂಗಳಿನ ಅದೇ ಮಗುವಿನೊಂದಿಗೆ ಹೋಲಿಸಿರಿ.

ಮೂರನೆಯದಾಗಿ, ತಪ್ಪನ್ನು ತಿದ್ದುವಾಗ ತಪ್ಪಿಗೆ ಹೆಸರಿಡಿರಿ, ಮಗುವಿಗೆ ಹೆಸರಿಡಬೇಡಿರಿ. "ನೀನು ಕಳ್ಳ" ಅನ್ನುವದು ಬೇರೆ. "ಕೇಳದೆ ತೆಗೆದುಕೊಂಡದ್ದು ತಪ್ಪು, ತಿರುಗಿ ಕೊಟ್ಟು ಬಾ" ಅನ್ನುವದು ಬೇರೆ. ತಿದ್ದುವದು ಏಕಾಂತದಲ್ಲಿರಲಿ.

ನಾಲ್ಕನೆಯದಾಗಿ, ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಸೋಮಾರಿ ಅನ್ನುವ ಮೊದಲು ಅದರ ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿರಿ. ಹಲಗೆಯ ಅಕ್ಷರ ಕಾಣದ ಮಗುವು ತನಗೆ ಕಾಣದೆಂದು ತಾನೇ ಅರಿಯದು. ಕೆಲವು ಮಕ್ಕಳಿಗೆ ಕಣ್ಣು ಸರಿಯಿದ್ದರೂ ಅಕ್ಷರಗಳನ್ನು ಕೂಡಿಸಿ ಓದುವದು ಹುಟ್ಟಿನಿಂದ ಕಷ್ಟ. ಅವರಿಗೆ ಬೇಕಾದದ್ದು ನಿಧಾನವಾದ ಪಾಠ, ಏಟಲ್ಲ.

ಐದನೆಯದಾಗಿ, ದಿನಕ್ಕೆ ಕಾಲು ತಾಸಾದರೂ ಮಗುವಿನ ಮಾತನ್ನು ಕೇಳಿರಿ. ಆ ಹೊತ್ತಿನಲ್ಲಿ ಮೊಬೈಲು ಬದಿಗಿರಲಿ.

ಆರನೆಯದಾಗಿ, ನಾವೇ ತಪ್ಪಿದಾಗ ಮಗುವಿನ ಮುಂದೆ ಒಪ್ಪಿಕೊಳ್ಳೋಣ. ಇದರಿಂದ ಹಿರಿಯರ ಮಾನ ಹೋಗುವದಿಲ್ಲ. ತಪ್ಪನ್ನು ಒಪ್ಪಿ ತಿದ್ದಿಕೊಳ್ಳಬಹುದೆಂಬದನ್ನು ಮಗುವು ನಮ್ಮನ್ನು ನೋಡಿಯೇ ಕಲಿಯಬೇಕಷ್ಟೆ.

ಪ್ರಿಯರೇ, ಪೈರು ಮೊಣಕಾಲೆತ್ತರವಿರುವಾಗ ಎಡೆಕುಂಟೆ ಸಾಲುಗಳ ನಡುವೆ ಸರಾಗವಾಗಿ ಹಾಯುವದು. ಬೆಳೆ ಎದೆಯೆತ್ತರವಾಗಿ ಸಾಲು ಕೂಡಿಕೊಂಡ ಮೇಲೆ ಎತ್ತುಗಳನ್ನು ಒಳಗೆ ಬಿಡಲಿಕ್ಕಾಗದು. ನಿಮ್ಮ ಮನೆಯಲ್ಲಿ ಆರರಿಂದ ಹನ್ನೆರಡು ವರುಷದ ಮಗುವಿದ್ದರೆ ಸಾಲುಗಳ ನಡುವೆ ಇನ್ನೂ ದಾರಿಯುಂಟು. ಈ ಸಂಜೆಯೇ ತೊಡಗಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಾವು ಹತ್ತು ವರುಷದವರಾಗಿದ್ದಾಗ ಹಿರಿಯರೊಬ್ಬರು ಆಡಿದ ಯಾವ ಮಾತು ಈಗಲೂ ನಮ್ಮ ನೆನಪಿನಲ್ಲಿದೆ? ಅದು ನಮ್ಮನ್ನು ಎತ್ತಿತೋ, ಕುಗ್ಗಿಸಿತೋ?

2. ನಮ್ಮ ಮನೆಯ ಪ್ರತಿಯೊಂದು ಮಗುವು ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಯಾವದು? ಹೇಳಲಾರದಿದ್ದರೆ ಈ ವಾರ ನೋಡಿ ತಿಳಿಯೋಣ.

3. ನಮ್ಮ ಊರಲ್ಲಿ ತಂದೆತಾಯಿಗಳು ದೂರ ಹೋಗಿರುವ ಮಕ್ಕಳು ಯಾರಾರು? ಅವರ ದಿನದ ಮಾತನ್ನು ಕೇಳುವವರು ಯಾರು?

4. ಸಾಲೆ ಬಿಟ್ಟ ಹುಡುಗಿಯರು ನಮ್ಮ ಊರಲ್ಲಿದ್ದಾರೋ? ಅವರನ್ನು ಪುನಃ ಕಳುಹಿಸಲಿಕ್ಕೆ ಅಡ್ಡಿ ಏನು? ಅದನ್ನು ತೆಗೆಯಲು ಕೂಟದವರು ಮಾಡಬಹುದಾದದ್ದೇನು?